ಕನ್ನಿಯಪ್ಪನ್ ಇಳಿದ ಗುಂಡಿ

ಸುಗುಣಾ ಎಳೆದಿದ್ದ ರಂಗೋಲಿ ಗೆರೆ ಎರಡು ತುಂಡಾಗಿತ್ತು.

ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ ಹಿತ್ತಲಿಗೆ ಬಂದಾಗ ಕಾಂಪೌಂಡ್ ಗೋಡೆಯ ಬದಿಗೆ, ಗುಂಡಿಯ ಅಂಚಿನ ಪಕ್ಕದಲ್ಲೇ, ನೆಲದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಕೈಯಲ್ಲಿ ಪುಡಿ ಉಳಿದಿತ್ತಲ್ಲ, ನೋಡಿಯೇ ಬಿಡೋಣ ಎಂದು ಬಿರುಕಿಗೆ ಅಡ್ಡಲಾಗಿ ಒಂದು ಗೆರೆ ಎಳೆದಿದ್ದಳು. ಈಗ ಹನ್ನೊಂದು ಗಂಟೆ. ಗೆರೆಯ ಎರಡು ತುಂಡುಗಳ ನಡುವೆ ಕಿರುಬೆರಳು ಇಳಿಯುವಷ್ಟು ಜಾಗ. ಏಳಡಿ ಕೆಳಗೆ, ಕಂಬಿ ಕಟ್ಟಿದ ಗುಂಡಿಯ ತಳದಲ್ಲಿ, ಕನ್ನಿಯಪ್ಪನ್ ಉದುರಿದ ಮಣ್ಣನ್ನು ಬಾಚಿ ಬಾಚಿ ಬುಟ್ಟಿಗೆ ತುಂಬುತ್ತಿದ್ದ. ಮೇಲೆ ನಿಂತವರಿಗೆ ಅವನ ಸಲಿಕೆಯ ಸದ್ದು ಮಾತ್ರ ಕೇಳುತ್ತಿತ್ತು.

ಅಣ್ಣಾ ನಗರದ ಈ ಹಿತ್ತಲಲ್ಲಿ ಅರವತ್ತು ಅಡಿಯ ಟವರ್ ನಿಲ್ಲಿಸಬೇಕೆಂಬುದು ಅವಳ ಗಂಡ ಸದಾನಂದನ ಬಹುಕಾಲದ ಆಸೆ; ಗುಂಡಿ ಅದರ ಅಡಿಪಾಯಕ್ಕೆ. ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ದಿನಗಳಿಂದಲೂ ಅವನಿಗೆ ಹ್ಯಾಮ್ ರೇಡಿಯೊದ ಹುಚ್ಚು. ಈಗ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ದೇಶದೇಶದವರ ಜೊತೆ ಹರಟುತ್ತಾನೆ. ಬ್ರೆಜಿಲಿನವನು ಕೆಮ್ಮಿದರೂ ಕೇಳುವ ಕಿವಿ ಅದು. ಹೆಂಡತಿ ಹೇಳಿದ್ದು ಮಾತ್ರ ಮೂರನೆಯ ಸಲಕ್ಕೆ ಮುಟ್ಟುತ್ತದೆ. ಬಿರುಕಿನ ವಿಷಯವನ್ನೂ ಅವಳು ಮೂರು ಸಲ ಹೇಳಬೇಕಾಯಿತು. ಅವನು ಟವರಿನ ಬೋಲ್ಟುಗಳಿಗೆ ಗ್ರೀಸ್ ಹಚ್ಚುತ್ತಾ ತಲೆ ಎತ್ತದೆಯೇ ಹೇಳಿದ:

"ಸುಮ್ಮನೆ ಹೆದರ್ಬೇಡ ಮಾರಾಯ್ತಿ. ಇಪ್ಪತ್ತು ವರ್ಷದಿಂದ ಗುಂಡಿ ತೋಡುವವ ಅವ. ಅಪಾಯ ಇದ್ದಿದ್ರೆ ಅವನೇ ಹೇಳ್ತಿರ್ಲಿಲ್ವಾ?"

ಅದೂ ಹೌದೆನ್ನಿಸಿತು. ಆದರೆ ಅಷ್ಟರಲ್ಲಿ ಸುಗುಣಾಳ ಕಣ್ಣು ಅಗೆದ ಮಣ್ಣಿನ ರಾಶಿಯ ಮೇಲೆ ಬಿತ್ತು. ಆ ಮಣ್ಣನ್ನು ಗುಂಡಿಯ ಬಾಯಿಗೂ ಕಾಂಪೌಂಡ್ ಗೋಡೆಗೂ ನಡುವೆ ಸುರಿಸಿದ್ದು ಅವಳೇ. ಆಚೆ ಬದಿಗೆ ಹಾಕಿದರೆ ತನ್ನ ಮಲ್ಲಿಗೆ ಗಿಡಗಳು ಹಾಳಾಗುತ್ತವೆ ಎಂದು ಹಟ ಹಿಡಿದಿದ್ದಳು. ಆಮೇಲೆ ಎರಡು ದಿನ ಮಳೆ. ನೀರು ಕುಡಿದ ರಾಶಿಯೆಲ್ಲ ಈಗ ಅವನ ನೆತ್ತಿಯ ಮೇಲೇ ಕೂತಿತ್ತು.

ಅವಳು ಆಚೆ ಬದಿಯಿಂದ ಬಗ್ಗಿ, ಕಾಫಿ ಆಗಿದೆ, ಮೇಲೆ ಬಾ ಎಂದು ತಮಿಳಿನಲ್ಲಿ ಕರೆದಳು. ಕನ್ನಿಯಪ್ಪನ್ ತಲೆ ಎತ್ತಿದ. ಅವಳನ್ನು ನೋಡುವ ಮೊದಲು ಗೋಡೆಯ ಬದಿಯ ಮಣ್ಣನ್ನು ಒಮ್ಮೆ ನೋಡಿದ. ಕಾಂಕ್ರೀಟಿನ ಲಾರಿ ಬರುವಷ್ಟರಲ್ಲಿ ತಳ ಚೊಕ್ಕವಾಗಿರಬೇಕೆಂದು ಸಾರ್ ಹೇಳಿದ್ದಾರೆ, ಇನ್ನು ಹತ್ತೇ ನಿಮಿಷ ಎಂದು ಮತ್ತೆ ಬಗ್ಗಿದ.

ಅಷ್ಟರಲ್ಲಿ ಲಾರಿಯವನ ಫೋನು ಬಂತು. ಕೋಯಂಬೇಡು ದಾಟಿದೆಯಂತೆ. ಕಲಸಿದ ಕಾಂಕ್ರೀಟು ಯಾರಿಗೂ ಕಾಯುವುದಿಲ್ಲ. ಸದಾನಂದ ಮದುವೆ ದಿಬ್ಬಣವನ್ನು ಎದುರುಗೊಳ್ಳುವವನ ಹಾಗೆ ಓಡಿಹೋಗಿ ಗೇಟು ತೆಗೆದ. ಹೊಟ್ಟೆ ತಿರುಗಿಸುತ್ತಾ ಬಂದ ದೊಡ್ಡ ಲಾರಿ ಗೇಟಿನ ಮುಂದೆ ನಿಂತು, ಹಿಂದಕ್ಕೆ ಹಿಂದಕ್ಕೆ ಬರತೊಡಗಿತು. ಅದು ಒಂದೊಂದು ಗಜ ಬಂದಾಗಲೂ ಸುಗುಣಾಳ ಪಾದದಡಿಯ ನೆಲ ನಡುಗಿತು. ಗುಂಡಿಯೊಳಗೆ ಹೆಂಟೆಗಳು ಉದುರುವ ಸದ್ದು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಳು ಹೋಗಿ ಲಾರಿಯ ಹಿಂದೆ ಅಡ್ಡ ನಿಂತಿದ್ದಳು.

ಡ್ರೈವರ್ ಬ್ರೇಕ್ ಒತ್ತಿ ಬಾಯಿಗೆ ಬಂದಂತೆ ಕೂಗಾಡಿದ. ಎದುರು ಮನೆಯ ಮಹಡಿಯಲ್ಲಿ ಇಬ್ಬರು ಬಂದು ನಿಂತರು. ಸದಾನಂದನ ಮುಖ ಕೆಂಪಾಯಿತು.

"ಎಂತ ಇದು ಸುಗುಣಾ, ಜನ ನೋಡ್ತಿದ್ದಾರೆ. ಕಾಂಕ್ರೀಟು ಗಟ್ಟಿಯಾದ್ರೆ ಎಲ್ಲ ಹಾಳು."

"ಮೊದ್ಲು ಅವ ಮೇಲೆ ಬರ್ಲಿ, ಆಮೇಲೆ ಲಾರಿ ಬರ್ಲಿ. ಆಗೂದಿಲ್ಲ ಅಂದ್ರೆ ನನ್ನ ಮೇಲೆ ಹತ್ತಿಸ್ಲಿಕ್ಕೆ ಹೇಳಿ."

ಮಾತೇನೋ ಗಟ್ಟಿಯಾಗಿ ಬಂತು. ಆದರೆ ಅವಳಿಗೆ ಲಾರಿಯ ಭಯವಿತ್ತು, ಗಂಡನ ಸಿಟ್ಟಿನ ಭಯವೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬೆನ್ನ ಹಿಂದೆ ಇನ್ನೂ ನಿಲ್ಲದ ಸಲಿಕೆಯ ಸದ್ದಿಗೆ ಹೆದರಿದ್ದಳು. ಸದಾನಂದ ಬೇರೆ ದಾರಿ ಕಾಣದೆ ಗುಂಡಿಯತ್ತ ತಿರುಗಿ, ಅಮ್ಮ ಹೆದರಿದ್ದಾರೆ, ಎರಡು ನಿಮಿಷ ಮೇಲೆ ಬಂದು ಹೋಗಪ್ಪಾ ಎಂದು ಕೂಗಿದ. ಸಲಿಕೆ ನಿಂತಿತು. ಏಣಿ ಕಿರುಗುಟ್ಟಿತು. ಕನ್ನಿಯಪ್ಪನ್ ಹತ್ತಿ ಬಂದು ಮಲ್ಲಿಗೆ ಗಿಡಗಳ ಹತ್ತಿರ ನಿಂತ ಮೇಲೆಯೇ ಅವಳು ಬದಿಗೆ ಸರಿದದ್ದು.

ಲಾರಿ ಒಂದೇ ಒಂದು ಗಜ ಹಿಂದೆ ಬಂತು. ದೊಡ್ಡ ಸದ್ದೇನೂ ಆಗಲಿಲ್ಲ. ಅಕ್ಕಿಮೂಟೆ ಜಾರಿ ಬಿದ್ದಷ್ಟೇ ಸದ್ದು. ಮಣ್ಣಿನ ರಾಶಿಯೂ ಅದರಡಿಯ ನೆಲವೂ ಕಾಂಪೌಂಡ್ ಗೋಡೆಯ ಒಂದು ತುಂಡೂ ಒಟ್ಟಿಗೆ ಒಳಗೆ ಇಳಿದವು. ಎಲ್ಲ ಅಡಗಿದಾಗ ಕಂಬಿಗಳೆಲ್ಲ ಒಂದೇ ಕಡೆಗೆ ಬಾಗಿದ್ದವು. ಏಣಿಯ ತುದಿ ಗೇಣುದ್ದ ಮಾತ್ರ ಮೇಲೆ ಕಾಣುತ್ತಿತ್ತು.

ಡ್ರೈವರ್ ಎಂಜಿನ್ ಆರಿಸಿದ. ಸುಗುಣಾ ಅಲ್ಲೇ ಕುಸಿದು ಕೂತು, ತಡೆಯಲಾರದೆ ಅತ್ತಳು. ಸದಾನಂದನ ಭಯವೆಲ್ಲ ಸಿಟ್ಟಾಗಿ ಹೊರಬಿತ್ತು. ಗ್ರೀಸಿನ ಕೈಯಲ್ಲೇ ಕನ್ನಿಯಪ್ಪನ್‌ನ ತೋಳು ಹಿಡಿದು, ಇಷ್ಟು ವರ್ಷ ಇದೇ ಕೆಲಸ ಮಾಡಿದವನಿಗೆ ಇದು ಗೊತ್ತಾಗಲಿಲ್ಲವೇ ಎಂದು ಅಲುಗಾಡಿಸಿ ಕೇಳಿದ.

ಕನ್ನಿಯಪ್ಪನ್ ತೋಳು ಬಿಡಿಸಿಕೊಳ್ಳಲಿಲ್ಲ. ಏಣಿಯ ತುದಿಯನ್ನೇ ನೋಡುತ್ತಾ ತನ್ನ ತಮಿಳಿನಲ್ಲಿ ಮೆಲ್ಲಗೆ ಹೇಳಿದ:

"ತೆರಿಯುಂ ಸಾರ್. ಬೆಳಿಗ್ಗೆಯಿಂದ ಗೊತ್ತಿತ್ತು. ನಾನು ಇಳಿಯೋದಿಲ್ಲ ಅಂದಿದ್ರೆ ನೀವು ಇನ್ನೊಬ್ಬನನ್ನ ಕರೆಸಿ ಇಳಿಸ್ತಿದ್ರಿ. ಅವನಿಗೆ ಗೊತ್ತಿರ್ತಿರಲಿಲ್ಲ."