ಮಾತಾಡಿದ ಕಾಯಿ

ಗಂಡನ ಹೊಟ್ಟೆಯ ಬ್ಯಾಂಡೇಜಿನ ಪಕ್ಕಕ್ಕೆ ಕಿವಿ ತಾಗಿಸಿ ಬಗ್ಗಿದ್ದ ಗುರುಶಾಂತಮ್ಮನನ್ನು ಕಂಡು ನರ್ಸ್ ಪದ್ಮಶ್ರೀ ವಾರ್ಡಿನ ಬಾಗಿಲಲ್ಲೇ ನಿಂತಳು.

“ಏನ್ ಮಾಡ್ತಿದೀರಾ ಅಜ್ಜಿ?”

“ಸುಮ್ನಿರಮ್ಮ, ಕೇಳ್ತಾ ಇದೀನಿ.”

“ತಾತ, ಗ್ಯಾಸ್ ಹೋಯ್ತಾ?”

ಕಾಡಸಿದ್ದಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ಆಪರೇಷನ್ ಆದಾಗಿನಿಂದ ಕಂಡಕಂಡವರೆಲ್ಲ ಇದೊಂದೇ ಪ್ರಶ್ನೆ ಕೇಳುತ್ತಿದ್ದರು. ಕರುಳು ಕದಲಿ ಗಾಳಿ ಹೋಗುವ ತನಕ ತೊಟ್ಟು ನೀರೂ ಇಲ್ಲ. ನಾಳೆ ಬೆಳಿಗ್ಗೆಯೊಳಗೆ ಹೋಗದಿದ್ದರೆ ಮತ್ತೆ ಹೊಟ್ಟೆ ಕೊಯ್ದು ನೋಡಬೇಕಾದೀತು ಎಂದು ಡಾಕ್ಟರು ಹೇಳಿ ಹೋಗಿದ್ದರು. ಆ ಮಾತು ಕೇಳಿದಾಗಿನಿಂದ ಗುರುಶಾಂತಮ್ಮ ಗಳಿಗೆಗೊಮ್ಮೆ ಗಂಡನ ಹೊಟ್ಟೆಗೆ ಕಿವಿ ಇಡುತ್ತಿದ್ದರು.

ಕಾಡಸಿದ್ದಪ್ಪ ಕೊಬ್ಬರಿ ವ್ಯಾಪಾರಿ; ಚೂರು ಬಾಯಿಗೆ ಹಾಕಿ ರುಚಿ ನೋಡದೆ ಯಾವ ಕೊಬ್ಬರಿಯನ್ನೂ ಕೊಂಡವರಲ್ಲ. ಹಲ್ಲು ಉದುರಿದವು, ಚಾಳಿ ಉದುರಲಿಲ್ಲ. ಕೊಬ್ಬರಿ ಉಗಿದರೆ ಲಕ್ಷ್ಮಿಯನ್ನೇ ಉಗಿದಂತೆ ಎಂದು ಅಗಿಯಲಾಗದ್ದನ್ನು ಹಾಗೇ ನುಂಗುತ್ತಿದ್ದರು. ಇದ್ದಕ್ಕಿದ್ದಂತೆ ಹೊಟ್ಟೆ ಉಬ್ಬಿ ನೋವು ಬಂದಾಗ ಬೀದಿಯವರೆಲ್ಲ ವೈದ್ಯರಾದರು. ಅವರೆಕಾಳಿನ ಗ್ಯಾಸ್ ಎಂದವರುಂಟು, ಬೀಗರ ಮನೆ ಹೋಳಿಗೆಯದು ಎಂದವರುಂಟು. ಓಂಕಾಳು, ಇಂಗು, ಸೋಡಾ ಎಲ್ಲ ಆಯಿತು. ವಾಂತಿ ಹತ್ತಿದ ಮೇಲೆ ಆಸ್ಪತ್ರೆಗೆ ತಂದರು. ಕೊಬ್ಬರಿ ಚೂರುಗಳೇ ಮುದ್ದೆಗಟ್ಟಿ ಕರುಳಿಗೆ ಬಿರಡೆ ಜಡಿದಿದ್ದವು.

“ರೀ, ಒಳಗೆ ಗುಳುಗುಳು ಅಂತೈತೆ,” ಗುರುಶಾಂತಮ್ಮನ ಕಣ್ಣು ಅರಳಿತು. “ಇಷ್ಟು ವರ್ಷ ಈ ಹೊಟ್ಟೆಗೆ ಬಡಿಸಿದೀನಿ. ಇದು ಹಿಂಗೆ ಮಾತಾಡುತ್ತೆ ಅಂತಲೇ ಗೊತ್ತಿರಲಿಲ್ಲ.”

“ಗೊತ್ತೈತೆ ಕಣೇ,” ಕಾಡಸಿದ್ದಪ್ಪ ಪಿಸುಗುಟ್ಟಿದರು. “ಬೆಳಗಿಂದ ಬರಂಗೈತೆ. ನಾನೇ ಬಿಗಿ ಹಿಡ್ಕಂಡಿದೀನಿ.”

“ಅಯ್ಯೋ ಶಿವನೇ, ಯಾಕ್ರೀ?”

“ಸುತ್ತ ಜನ ಅವ್ರೆ.”

ಹೌದು, ಆ ಮನುಷ್ಯ ಅಂಥವರೇ. ತೇಗು ಬಂದರೂ ಪಂಕ್ತಿಯಿಂದ ಎದ್ದು ಹಿತ್ತಲಿಗೆ ಹೋಗುವವರು. ಮದುವೆಯಾದಂದಿನಿಂದ ಹೆಂಡತಿಯ ಕಿವಿಗೂ ಅಂಥದ್ದೊಂದು ಸದ್ದು ಬಿದ್ದಿರಲಿಲ್ಲ.

ಗುರುಶಾಂತಮ್ಮನಿಗೆ ಸಿಟ್ಟೂ ಬಂತು, ಅಳುವೂ ಬಂತು. “ನಮ್ಮ ಅಟ್ಟದ ಮ್ಯಾಲೆ ಕೊಬ್ಬರಿಗಿಟ್ಟ ಕಾಯಿನ ನಾನು ಹೆಂಗೆ ನೋಡ್ತೀನಿ? ಹೇಳ್ರೀ.”

“ಅಲ್ಲಾಡಿಸಿ ನೋಡ್ತೀಯ.”

“ನೀರಿಂಗಿ ಒಳಗಿನ ಕೊಬ್ಬರಿ ಗಡಗಡ ಅಂತ ಮಾತಾಡಿದ್ರೆ ಕಾಯಿ ಗೆದ್ದಂಗೆ. ಮಾತಾಡದೆ ಇದ್ದಿದ್ದನ್ನ ಏನೋ ಕೆಟ್ಟೈತೆ ಅಂತ ಒಡೆದು ನೋಡ್ತೀವಿ. ನಾಳೆ ನಿಮ್ಮನ್ನೂ ಒಡೀತಾರಂತೆ. ಮಾನ ಉಳಿಸ್ಕಂಡು ಮನೆಗೆ ಹೆಣ ತರಾನ ಅಂತಿದ್ರೆ ಹಂಗೇ ಹಿಡ್ಕಂಡಿರಿ.” ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು.

ಕಾಡಸಿದ್ದಪ್ಪ ಹೆಂಡತಿಯನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಂಡು ಮೆಲ್ಲನೆ ಮಗ್ಗುಲಾದರು.

ಸದ್ದು ಬಂತು. ಸಣ್ಣದೇನಲ್ಲ. ಹಳೇ ಮನೆಯ ತಲೆಬಾಗಿಲು ತೆರೆದಂತೆ ಎಳೆದೆಳೆದು ಬಂತು. ಔಷಧಿ ತಟ್ಟೆ ಹಿಡಿದಿದ್ದ ಪದ್ಮಶ್ರೀ ನಿಂತಲ್ಲೇ ನಿಂತಳು. ಯಾರೂ ನಗಲಿಲ್ಲ. ಗುರುಶಾಂತಮ್ಮನಿಗೆ ಮೈ ಜುಮ್ಮೆಂದಿತು. ತಲೆಯ ಮೇಲೆ ಸೆರಗು ಹೊದ್ದು ಎದ್ದು ನಿಂತರು.

ಕಾಡಸಿದ್ದಪ್ಪ ಕಣ್ಣು ಬಿಡಲಿಲ್ಲ. “ಯಾರಾದ್ರೂ ಕೇಳಿಸ್ಕಂಡ್ರೇನೇ?”

ಗುರುಶಾಂತಮ್ಮ ಸುತ್ತ ನೋಡಿದರು. ಪಕ್ಕದ ಹಾಸಿಗೆಯಲ್ಲಿ, ನಿನ್ನೆಯಷ್ಟೇ ಹೊಟ್ಟೆ ಕೊಯ್ಯಿಸಿಕೊಂಡು ಗಾಳಿ ಹೋಗುವ ತನ್ನ ಸರದಿಗೆ ಕಾಯುತ್ತಿದ್ದ ಜವರಪ್ಪ, ಇವರ ಕಡೆ ತಿರುಗಿ ಎರಡೂ ಕೈ ಜೋಡಿಸಿದ್ದ.