ಅರ್ಧಕ್ಕೆ ನಿಂತ ಬಿಸ್ಮಿಲ್ಲಾ

ಅಮೆರಿಕದ ಸ್ವಾತಂತ್ರ್ಯ ದಿನ, ಜುಲೈ ನಾಲ್ಕರ ಪಟಾಕಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕೈ ತಾನಾಗಿಯೇ ತಲೆ ಮುಟ್ಟಿ ನೋಡುತ್ತದೆ, ಟೋಪಿ ಇದೆಯೋ ಇಲ್ಲವೋ ಅಂತ.

ಆಗ ನನಗೆ ಒಂಬತ್ತು ವರ್ಷ. ಆಬರ್ನ್ ಹಿಲ್ಸ್‌ನಲ್ಲಿ ಕಾರು ಇಂಜಿನಿಯರ್ ಆಗಿದ್ದ ಅಬ್ಬ ಹೊಸದಾಗಿ ಬೇಟೆ ಕಲಿತಿದ್ದರು. ಅಕ್ಟೋಬರಿನ ಒಂದು ಮಧ್ಯಾಹ್ನ ನನ್ನನ್ನೂ ಕಟಾವಾದ ಮೆಕ್ಕೆಜೋಳದ ಹೊಲಕ್ಕೆ ಕರಕೊಂಡು ಹೋದರು. ನನ್ನ ತಲೆ ಮೇಲೆ ಅವರದೇ ಕಿತ್ತಳೆ ಟೋಪಿ, ಬಂದೂಕು ಹಿಡಿದವರಿಗೆ ದೂರದಿಂದಲೇ ಕಾಣಲಿ ಅಂತ ಹಾಕುವಂಥದ್ದು, ಕಿವಿ ಮುಚ್ಚುವಷ್ಟು ದೊಡ್ಡದು.

"ಹಕ್ಕಿ ಇರೋ ಕಡೆ ಗುರಿ ಇಡಬಾರದು ಬೇಟಾ, ಅದು ಹೋಗೋ ಕಡೆ ಇಡಬೇಕು," ಅಂದರು. "ಅದರ ಹಿಂದಿನಿಂದ ಬಂದೂಕು ತಿರುಗಿಸ್ತಾ ಬಂದು, ಸ್ವಲ್ಪ ಮುಂದೆ ಹೋಗಿ, ಬಿಸ್ಮಿಲ್ಲಾ ಅಂತ ಹೊಡೀಬೇಕು. ಹೇಳದೆ ಹೊಡೆದದ್ದನ್ನ ನಾವು ತಿನ್ನಲ್ಲ. ನೀನು ನನ್ನ ಹಿಂದೇನೇ ಇರು."

"ಓಕೆ, ಅಬ್ಬ."

ಗಾಳಿಗೆ ಟೋಪಿ ಹಾರಿತು. ಹಿಡಿಯಲು ಅಬ್ಬನನ್ನು ದಾಟಿ ಮುಂದಕ್ಕೆ ಓಡಿದೆ. ನನ್ನ ಕಾಲಿನ ಸದ್ದಿಗೆ ಕಾಡುಕೋಳಿಯೊಂದು ಪಟಪಟನೆ ಎದ್ದು ನೆಲದಿಂದ ಹೆಚ್ಚು ಮೇಲೇರದೆ ಹಾರಿತು. ಅಬ್ಬನ ಬಂದೂಕು ಅದರ ಜೊತೆಗೇ ತಿರುಗಿತು, ಅದನ್ನು ದಾಟಿತು, ಹೇಳಿಕೊಟ್ಟ ಹಾಗೆಯೇ ಸ್ವಲ್ಪ ಮುಂದೆ ಬಂತು. ಅಲ್ಲಿ ನಾನಿದ್ದೆ.

"ಬಿಸ್ಮಿ..." ಅಂದವರು ನಳಿಕೆಯನ್ನು ಮೇಲಕ್ಕೆ ಎಳೆದರು. ಗುಂಡು ಆಕಾಶಕ್ಕೆ ಹೋಯಿತು. ಮದ್ದಿನ ವಾಸನೆ ನನ್ನ ಮೂಗಿಗೆ ಬಡಿಯಿತು.

ಮನೆ ಬಾಗಿಲಲ್ಲಿ ಅಮ್ಮಿ, "ಏನೂ ಸಿಗಲಿಲ್ವಾ?" ಅಂದರು.

"ಗುರಿ ತಪ್ತು," ಅಂದರು ಅಬ್ಬ.

ಊಟಕ್ಕೆ ಕೂತಾಗ, ದಿನಾ ಗಟ್ಟಿಯಾಗಿ ಬಿಸ್ಮಿಲ್ಲಾ ಹೇಳುತ್ತಿದ್ದವರು ತುತ್ತು ಹಿಡಿದು ನನ್ನನ್ನೇ ನೋಡಿದರು.

"ಇವತ್ತು ನೀನು ಹೇಳು, ಬೇಟಾ."

ಅಂದಿನಿಂದ ನಮ್ಮ ಮನೆಯಲ್ಲಿ ಅದನ್ನು ಹೇಳುವವಳು ನಾನೇ.