ಕಚ್ಚಿದ ಗುರುತು

"ಇವಳ ಭೂತಾನೇ ಬಂದು ಕಚ್ಚಿದ್ದು ಸ್ವಾಮಿ," ಎಂದು ಹದಿನಾರರ ಟ್ಯಾಬಿತಾ ತೋಳು ಚಾಚಿದಳು. ಪ್ರಾರ್ಥನಾಮಂದಿರದಲ್ಲಿ ಮಾಟಗಾತಿಯ ವಿಚಾರಣೆಗೆ ನೆರೆದಿದ್ದ ಊರೆಲ್ಲ ಕತ್ತು ಉದ್ದ ಮಾಡಿ ನೋಡಿತು. ಹಲ್ಲಿನ ಸಾಲು ಕೆಂಪಗೆ ಮೂಡಿತ್ತು, ನಡುವೆ ಒಂದು ಹಲ್ಲಿನಷ್ಟು ಜಾಗ ಮಾತ್ರ ಬಿಟ್ಟುಹೋಗಿತ್ತು. ಹೀಗೇ ಗುರುತು ತೋರಿಸಿ ಆ ಬೇಸಿಗೆಯಲ್ಲಿ ಅವಳು ಇಬ್ಬರು ಹೆಂಗಸರನ್ನು ನೇಣಿಗೆ ಕಳಿಸಿದ್ದಳು.

ಕಟಕಟೆಯಲ್ಲಿದ್ದ ಮುದುಕಿ ಕೆಜಾಯಾ ಸಂಕೋಲೆ ತೊಟ್ಟ ಕೈಯಿಂದಲೇ ತುಟಿ ಅಗಲಿಸಿ, ಒಂದೂ ಹಲ್ಲಿಲ್ಲದ ಬಾಯಿ ತೋರಿಸಿದಳು.

"ನಿನಗಿಲ್ಲದಿದ್ದರೇನಮ್ಮ, ನಿನ್ನ ಭೂತಕ್ಕೆ ಹಲ್ಲಿರಬಹುದಲ್ಲ," ಎಂದ ಬಾಸ್ಟನ್ನಿನಿಂದ ಬಂದಿದ್ದ ನ್ಯಾಯಾಧೀಶ.

"ಇದ್ದಿದ್ರೆ ಒಳ್ಳೇದೇ ಆಗ್ತಿತ್ತು ಸ್ವಾಮಿ. ಆರು ವರ್ಷದಿಂದ ಜೋಳದ ರೊಟ್ಟೀನ ಹಾಲಲ್ಲಿ ನೆನೆಸಿ ನುಂಗ್ತಿದೀನಿ. ಆ ಹಾಳಾದ್ದು ಒಂದು ತುಂಡಾದ್ರೂ ಅಗಿದು ಕೊಡಬಾರದಾಗಿತ್ತಾ?"

ಮೊದಲು ಹಿಂದಿನ ಬೆಂಚು ನಕ್ಕಿತು, ಆಮೇಲೆ ಮಂದಿರವೆಲ್ಲ. ತಡೆಯಲಾರದೆ ಟ್ಯಾಬಿತಾಳೂ ಕಿಸಕ್ಕನೆ ನಕ್ಕಳು. ತಕ್ಷಣ ಅವಳ ಕೈ ಬಾಯಿಯ ಕಡೆಗೆ ಹೋಯಿತು.

"ಮುಚ್ಕೋಬೇಡ ಮಗಾ, ನಗು," ಎಂದಳು ಕೆಜಾಯಾ. "ಸ್ವಾಮಿಯೋರು ನೋಡ್ಲಿ."

ನ್ಯಾಯಾಧೀಶ ಆಗಲೇ ನೋಡಿಯಾಗಿತ್ತು. ಟ್ಯಾಬಿತಾಳ ಮೇಲಿನ ಸಾಲಿನಲ್ಲಿ, ನಟ್ಟನಡುವೆ, ಒಂದು ಹಲ್ಲಿರಲಿಲ್ಲ.